ಆರು ಕಿವಿಗಳ ಪೆಟ್ಟಿಗೆ

ನಮ್ಮ ಮನೆಯಲ್ಲಿ ರೇಡಿಯೋದ ಗುಂಡಿಗೆ ಕಿವಿ ಅನ್ನುತ್ತಿದ್ದರು. ‘ಅದರ ಕಿವಿ ಒಂಚೂರು ಹಿಂಡು’ ಎಂದರೆ ದನಿ ಏರಿಸು ಎಂದರ್ಥ. ಒಂದು ಕಿವಿ ದನಿಗೆ, ಇನ್ನೊಂದು ಸ್ಟೇಷನ್ನಿಗೆ. ಇವೆರಡು ಗೊತ್ತಿದ್ದರೆ ಕೆಲಸ ನಡೆಯುತ್ತಿತ್ತು. 1966ರಲ್ಲಿ ಗುಲಬರ್ಗಾ ಆಕಾಶವಾಣಿ ಶುರುವಾದ ಮೇಲೆ ನಮ್ಮ ತಂದೆಯವರ ರೇಡಿಯೋದ ಮುಳ್ಳು ಅಲ್ಲಿಂದ ಕದಲಿದ್ದೇ ಕಡಿಮೆಯಂತೆ. ಹೀಗಾಗಿ ಎರಡನೆಯ ಕಿವಿಗೂ ಕೆಲಸವಿರಲಿಲ್ಲ. ದೊಡ್ಡ ರೇಡಿಯೋಗಳಲ್ಲಿ ‘ಟೋನ್’ ಎಂಬ ಮೂರನೆಯ ಕಿವಿಯೊಂದು ಇರುತ್ತಿತ್ತು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಮುಟ್ಟಿದರೂ ಆದದ್ದೇನೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಮುಂದೆ ನಾನು ಬಿ.ಎ., ಬಿ.ಎಡ್. ಮುಗಿಸಿ ಶಾಲೆಗೆ ಸೇರಿದೆ. ಮಕ್ಕಳ ಕಿವಿ ಹಿಂಡುವ ಹಳೆಯ ಪದ್ಧತಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆ ಪೂರ್ಣವಿರಾಮ ಹಾಕಿತು. ಹಿಂಡಲು ಯಾವ ಕಿವಿಯೂ ಇಲ್ಲದೆ ಮೇಷ್ಟರುಗಳ ಕೈ ಖಾಲಿಯಾದ ಈ ಕಾಲದಲ್ಲಿ, ಶರಣಸಿರಸಗಿಯ ನಮ್ಮ ಮನೆಗೆ ಆರು ಕಿವಿಗಳ ಪೆಟ್ಟಿಗೆಯೊಂದು ಬಂತು.

ತಂದವಳು ನನ್ನ ಮಗಳು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಬಿಡುವಿನಲ್ಲಿ ಗಿಟಾರ್. ಕೆಲವು ತಿಂಗಳು ಮನೆಯಿಂದಲೇ ಕೆಲಸ ಮಾಡಲು ಅಪ್ಪಣೆ ಸಿಕ್ಕಿತೆಂದು ಬಟ್ಟೆಬರೆಯ ಜೊತೆಗೆ ಇದನ್ನೂ ಹೊತ್ತು ತಂದಳು. ಹೊತ್ತು ಎಂದೆನಲ್ಲ, ಅದು ಮಾತಿಗೆ ಅಂದದ್ದಲ್ಲ. ಮುಕ್ಕಾಲು ಚೀಲ ಜೋಳದಷ್ಟು ಭಾರ ಕಂಡಿತು ನಮ್ಮ ಮನೆಯವರಿಗೆ. ಒಳಗೆ ಎರಡು ಕಬ್ಬಿಣದ ಟ್ರಾನ್ಸ್‌ಫಾರ್ಮರುಗಳು, ಒಂದು ದೊಡ್ಡ ಸ್ಪೀಕರು, ಹಿಂಬದಿಯಲ್ಲಿ ಸಾಲಾಗಿ ನಿಂತ ಗಾಜಿನ ಬುರುಡೆಗಳು. ಗಿಟಾರಿನ ಸಣ್ಣ ಮಿಡಿತವನ್ನು ದೊಡ್ಡದು ಮಾಡುವ ಆಂಪ್ಲಿಫೈಯರು ಇದು. ಅದೂ ಹಳೆಯ ಕಾಲದ ವಾಲ್ವ್‌ಗಳದ್ದು; ಯಾರೋ ಆಸಕ್ತರು ಕೈಯಿಂದಲೇ ಕಟ್ಟಿದ್ದನ್ನು ತನ್ನ ಸಂಬಳದಲ್ಲಿ ಕೊಂಡಿದ್ದಳು.

‘ಈ ಕಾಲದಾಗ ಇದ್ಯಾಕವ್ವಾ ಬುರುಡಿ ಪೆಟಿಗಿ?’ ಎಂದು ನಾನು ಕೇಳಿದೆ.

‘ಅವ್ವಾ, ಬುರುಡಿ ಸಲುವಾಗೇ ತಂದೀನಿ’ ಎಂದಳು.

ಸ್ವಿಚ್ ಹಾಕಿದರೆ ತಟ್ಟನೆ ಮಾತಾಡುವ ಪೆಟ್ಟಿಗೆ ಅದಲ್ಲ. ಅದಕ್ಕೆ ಎರಡು ಸ್ವಿಚ್ಚುಗಳು. ಮೊದಲನೆಯದನ್ನು ಹಾಕಿದರೆ ಬುರುಡೆಗಳು ಬೆಚ್ಚಗಾಗುತ್ತವೆ, ಒಳಗೆ ಕಿತ್ತಳೆ ಬಣ್ಣದ ಎಳೆ ಹೊಳೆಯುತ್ತದೆ. ಅರ್ಧ ನಿಮಿಷ, ಒಂದು ನಿಮಿಷ ಬಿಟ್ಟು ‘ಸ್ಟ್ಯಾಂಡ್‌ಬೈ’ ಎಂಬ ಎರಡನೆಯ ಸ್ವಿಚ್ಚನ್ನು ಒತ್ತಿದರೆ ದೊಡ್ಡ ಕರೆಂಟು ಹರಿದು ಪೆಟ್ಟಿಗೆಗೆ ಜೀವ ಬರುತ್ತದೆ. ಹೆಂಚು ಕಾಯದೆ ರೊಟ್ಟಿ ಹಾಕಬಾರದು ಎಂಬುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ, ಈ ಭಾಗ ನನಗೆ ಒಂದೇ ಏಟಿಗೆ ತಿಳಿಯಿತು.

ತಿಳಿಯದೆ ಉಳಿದದ್ದು ಆರು ಕಿವಿಗಳು. ಎಡದಿಂದ ಬಲಕ್ಕೆ ಗೇನ್, ಬಾಸ್, ಮಿಡ್ಲ್, ಟ್ರೆಬಲ್, ಪ್ರೆಸೆನ್ಸ್, ಮಾಸ್ಟರ್. ದನಿ ಏರಿಸಲು ಒಂದು ಸಾಲದೇ? ಆರು ಯಾಕೆ? ವಯಸ್ಸು ಐವತ್ತು ದಾಟಿದ ಮೇಲೆ ಶಾಲೆಗೆ ಸೇರಿದ ಹಾಗೆ ನಾನು ದಿನಾ ಸಂಜೆ ಅವಳ ಮುಂದೆ ಪಾಠಕ್ಕೆ ಕುಳಿತೆ. ಒಂದು ನೋಟ್‌ಬುಕ್ಕನ್ನೂ ಇಟ್ಟೆ. ಮೇಡಂ ಆದ ಮಗಳು ಒಮ್ಮೆಯೂ ಸಿಟ್ಟಾಗಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಪಾಠ ಶುರುವಾದದ್ದು ವಾಲ್ವಿನಿಂದ. ವಾಲ್ವ್ ಎಂದರೆ ತೂಬು. ಗಾಳಿ ತೆಗೆದ ಗಾಜಿನ ಬುರುಡೆಯಲ್ಲಿ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಟು ಎದುರಿನ ತಗಡಿಗೆ ಹರಿಯುತ್ತವೆ. ನಡುವೆ ಒಂದು ಸಣ್ಣ ಜಾಲರಿ. ಕಾಲುವೆಯ ತೂಬನ್ನು ಒಂದು ಕೈಯಿಂದ ಎತ್ತಿ ಇಳಿಸಿದರೆ ಹೇಗೆ ರಭಸದ ನೀರು ಹೇಳಿದಂತೆ ಕೇಳುತ್ತದೋ, ಹಾಗೆ ಗಿಟಾರಿನ ತಂತಿಯಿಂದ ಬಂದ ಬಡಕಲು ಕರೆಂಟು ಆ ಜಾಲರಿಯನ್ನು ಅಲುಗಿಸಿ ದೊಡ್ಡ ಹರಿವನ್ನು ತನ್ನ ತಾಳಕ್ಕೆ ಕುಣಿಸುತ್ತದೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಜಾಲರಿಯಿಲ್ಲದ ಮೊದಲ ವಾಲ್ವನ್ನು ಮಾಡಿದ. ಎರಡು ವರ್ಷದ ಮೇಲೆ ಅಮೆರಿಕದ ಲೀ ಡಿ ಫಾರೆಸ್ಟ್ ನಡುವೆ ಜಾಲರಿ ಸೇರಿಸಿದ. ಆಂಪ್ಲಿಫೈಯರು, ರೇಡಿಯೋ, ಸಿನಿಮಾದ ಮಾತು ಎಲ್ಲಕ್ಕೂ ಆ ಜಾಲರಿಯೇ ಮೂಲ.

ಬುರುಡೆಗಳ ಮೇಲೆ ಇಸಿಸಿ 83, ಇಎಲ್ 84 ಎಂಬ ಅಕ್ಷರಗಳಿದ್ದವು. ಇವು ಬರೀ ನಂಬರುಗಳಲ್ಲ, ಬಿಡಿಸಿ ಓದಬೇಕಾದ ಪದಗಳು ಎಂದು ತಿಳಿದಾಗ ಕನ್ನಡ ಕಲಿಸುವ ನನಗೆ ಸಂಧಿ ಬಿಡಿಸಿದಷ್ಟೇ ಖುಷಿಯಾಯಿತು. ‘ಇ’ ಎಂದರೆ ಬುರುಡೆ ಕಾಯಲು 6.3 ವೋಲ್ಟು ಬೇಕು ಎಂದು. ‘ಸಿ’ ಎಂದರೆ ಮೂರು ಅಂಗಗಳ ವಾಲ್ವು. ಎರಡು ‘ಸಿ’ ಇದ್ದರೆ ಒಂದೇ ಗಾಜಿನೊಳಗೆ ಅಂಥವು ಅವಳಿ. ‘ಎಲ್’ ಎಂದರೆ ಸ್ಪೀಕರನ್ನು ದುಡಿಸುವ ಶಕ್ತಿವಂತ ವಾಲ್ವು. 8 ಎಂದರೆ ಒಂಬತ್ತು ಕಾಲಿನ ಸಣ್ಣ ಪೀಠ. ಉಳಿದದ್ದು ಕ್ರಮಸಂಖ್ಯೆ.

ಇದನ್ನು ಕೇಳಿ ನೋಡಲು ಬಂದವರು ಚಾಚಾ. ಸೂಪರ್ ಮಾರ್ಕೆಟ್ ಕಡೆ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು, ಈಗ ವಿಶ್ರಾಂತರು. ಬುರುಡೆಯೊಂದನ್ನು ಬೆಳಕಿಗೆ ಹಿಡಿದು ಅಳಿಸಿದಂತಿದ್ದ ಅಕ್ಷರಗಳನ್ನು ಓದಿದರು: ಬಿಇಎಲ್. ‘ಅಕ್ಕೋರೇ, ಇದು ಫಾರಿನ್ ಅಲ್ರೀ, ನಮ್ಮ ಬೆಂಗಳೂರು ಮಾಲು!’ 1954ರಲ್ಲಿ ಜಾಲಹಳ್ಳಿಯಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸಿತ್ತು. ಅದು ನಿಂತು ಬಹಳ ಕಾಲವಾಯಿತು. ಈಗ ಹೊಸ ವಾಲ್ವುಗಳು ರಷ್ಯಾ, ಸ್ಲೊವಾಕಿಯಾ, ಚೀನಾದಿಂದ ಬರುತ್ತವೆ. ಆದರೆ ಪೆಟ್ಟಿಗೆಯಲ್ಲಿ ಉಳಿದುಹೋದ ಜಾಲಹಳ್ಳಿಯ ಬುರುಡೆಗಳನ್ನು ಗಿಟಾರಿನವರು ಇಂದಿಗೂ ಹುಡುಕಿ ಕೊಳ್ಳುತ್ತಾರಂತೆ. ನಮ್ಮ ತಂದೆಯವರ ರೇಡಿಯೋದಲ್ಲಿ ಉರಿದದ್ದೂ ಇದೇ ಜಾತಿಯ ದೀಪ.

ಚಾಚಾ ಮಗಳಿಗೆ ಎರಡು ಎಚ್ಚರಿಕೆ ಹೇಳಿದರು. ಒಂದು, ಸ್ಪೀಕರು ಜೋಡಿಸದೆ ಇದನ್ನು ಎಂದೂ ನಡೆಸಬಾರದು, ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಎರಡು, ಒಳಗೆ ಮುನ್ನೂರು ವೋಲ್ಟಿನ ಮೇಲಿರುತ್ತದೆ. ಬಂದ್ ಮಾಡಿ ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಕೂತಿರುತ್ತದೆ, ಗೊತ್ತಿಲ್ಲದವರು ಕೈ ಹಾಕಬಾರದು. ‘ನಮ್ಮ ಉಸ್ತಾದರು ಒಂದು ಕೈ ಕಿಸೆದಾಗ ಇಟ್ಕೊಂಡೇ ರಿಪೇರಿ ಮಾಡ್ಲಿಕ್ಕೆ ಕಲಿಸಿದ್ರು ಬೇಟಾ’ ಎಂದರು. ಎರಡು ಕೈ ಒಳಗಿದ್ದರೆ ಕರೆಂಟು ಎದೆಯನ್ನು ಹಾಯ್ದು ಹೋಗುತ್ತದೆ, ಅದಕ್ಕೆ.

ಇನ್ನು ಕಿವಿಗಳ ಪಾಠ. ಗೇನ್ ಮತ್ತು ಮಾಸ್ಟರ್ ಎರಡೂ ದನಿ ಏರಿಸುವವೇ. ಹಾಗಾದರೆ ಎರಡು ಏಕೆ? ಪೆಟ್ಟಿಗೆಯೊಳಗೆ ಕೆಲಸ ಹಂತಹಂತವಾಗಿ ಆಗುತ್ತದೆ. ಮೊದಲ ಹಂತದ ಸಣ್ಣ ವಾಲ್ವುಗಳು ಗಿಟಾರಿನ ಮಿಡಿತವನ್ನು ಬೆಳೆಸುತ್ತವೆ, ಕೊನೆಯ ಹಂತದ ದೊಡ್ಡ ವಾಲ್ವುಗಳು ಸ್ಪೀಕರನ್ನು ತಳ್ಳುತ್ತವೆ. ಗೇನ್ ಎಂಬುದು ಮೊದಲ ಹಂತವನ್ನು ಎಷ್ಟು ದುಡಿಸಬೇಕು ಎಂಬ ಲೆಕ್ಕ. ಮಾಸ್ಟರ್ ಎಂಬುದು ಹಾಗೆ ತಯಾರಾದದ್ದರಲ್ಲಿ ಎಷ್ಟನ್ನು ಮುಂದೆ ಬಿಡಬೇಕು ಎಂಬ ಲೆಕ್ಕ. ಗೇನ್ ಕಡಿಮೆ, ಮಾಸ್ಟರ್ ಹೆಚ್ಚು ಇಟ್ಟರೆ ದನಿ ದೊಡ್ಡದು, ಆದರೆ ತಿಳಿಯಾದದ್ದು. ಗೇನ್ ಹೆಚ್ಚು, ಮಾಸ್ಟರ್ ಕಡಿಮೆ ಇಟ್ಟರೆ ದನಿ ಸಣ್ಣದು, ಆದರೆ ಒರಟು.

ಒರಟು ಏಕೆಂದರೆ, ಪಾತ್ರೆಯ ಅಳತೆ ಮೀರಿದ ಹಾಲು ಅಂಚಿನಿಂದಾಚೆ ಏರಲಾರದೆ ಚೆಲ್ಲುವಂತೆ, ವಾಲ್ವು ತನ್ನ ಮಿತಿ ಮುಟ್ಟಿದಾಗ ದನಿಯ ಅಲೆಯ ತಲೆ ಚಪ್ಪಟೆಯಾಗುತ್ತದೆ. ಆಗ ಮೂಲ ಸ್ವರದ ಜೊತೆಗೆ ಇಲ್ಲದ ಸ್ವರಗಳೂ ಹುಟ್ಟಿ ಗರಗರ ಎನ್ನುತ್ತದೆ. ರೇಡಿಯೋದವರಿಗೆ ಇದು ದೋಷ, ಗಿಟಾರಿನವರಿಗೆ ಇದೇ ಅಲಂಕಾರ. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ಎಂಬ ತಂಡದ ಡೇವ್ ಡೇವೀಸ್ ಈ ಗರಗರ ಸಾಲದೆಂದು ತನ್ನ ಸ್ಪೀಕರಿನ ಕಾಗದವನ್ನೇ ಬ್ಲೇಡಿನಿಂದ ಸೀಳಿದನಂತೆ. ಆ ಹಾಡು ಜಗತ್ಪ್ರಸಿದ್ಧವಾಯಿತು. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಸೆಳೆಯಿತು. ಗಿಟಾರಿನ ಆಂಪ್ಲಿಫೈಯರಿಗೆ ದೊಡ್ಡ ಹೆಸರಾದ ಲಿಯೋ ಫೆಂಡರ್ ಮೂಲತಃ ನಮ್ಮ ಚಾಚಾನಂತೆ ರೇಡಿಯೋ ರಿಪೇರಿಯವನು. 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ಅಂಗಡಿ ತೆರೆದವನು. ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ಬಂದ ಗಿರಾಕಿಗಳ ಮಾತನ್ನು ಕೇಳಿ ಕೇಳಿಯೇ ಕಲಿತವನು.

ನಡುವಿನ ಮೂರು ಕಿವಿಗಳದ್ದು ಬೇರೆಯೇ ನ್ಯಾಯ. ಬಾಸ್ ತಗ್ಗಿನ ದನಿಗೆ, ಮಿಡ್ಲ್ ನಡುವಿನದಕ್ಕೆ, ಟ್ರೆಬಲ್ ಮೇಲಿನ ಚೂಪು ದನಿಗೆ. ಟ್ರೆಬಲ್ ಏರಿಸಿದರೆ ಚೂಪು ದನಿ ಹುಟ್ಟುತ್ತದೆ ಎಂದು ಯಾರಾದರೂ ತಿಳಿಯುತ್ತಾರೆ. ಹಾಗಲ್ಲ. ಇಂಥ ಹಳೆಯ ಮಾದರಿಯ ಪೆಟ್ಟಿಗೆಗಳಲ್ಲಿ ಈ ಮೂರು ಕಿವಿಗಳು ಏನನ್ನೂ ಸೇರಿಸುವುದಿಲ್ಲ, ತೆಗೆಯುತ್ತವೆ ಅಷ್ಟೆ. ಏರಿಸುವುದೆಂದರೆ ಕಡಿಮೆ ತೆಗೆಯುವುದು. ಮೂರನ್ನೂ ಸೊನ್ನೆಗೆ ತಿರುವಿದಾಗ ಮಗಳ ಗಿಟಾರ್ ಹೆಚ್ಚುಕಡಿಮೆ ಮೌನವಾಯಿತು. ಅವು ಒಂದನ್ನೊಂದು ಎಳೆಯುತ್ತವೆ ಕೂಡ. ಒಂದನ್ನು ತಿರುವಿದರೆ ಮಿಕ್ಕ ಎರಡರ ಫಲವೂ ಬದಲಾಗುತ್ತದೆ. ಒಟ್ಟು ಕುಟುಂಬದಲ್ಲಿ ಬಾಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಐದನೆಯದಾದ ಪ್ರೆಸೆನ್ಸ್ ಇರುವುದು ಕೊನೆಯ ಹಂತದಲ್ಲಿ. ಹೊರಗೆ ಹೋಗುವ ದನಿಯ ಒಂದು ಪಾಲು ಮರಳಿ ಬಂದು ಆಂಪ್ಲಿಫೈಯರಿಗೆ ಕಡಿವಾಣ ಹಾಕುತ್ತಿರುತ್ತದೆ. ಈ ಕಿವಿ ಮೇಲ್ದನಿಯ ಮಟ್ಟಿಗೆ ಆ ಕಡಿವಾಣವನ್ನು ಸಡಿಲಿಸುತ್ತದೆ. ಆಗ ದನಿ ಕೋಣೆಯ ಆಚೆಯಿಂದ ಎದ್ದು ಎದುರಿಗೆ ಬಂದು ಕೂತಂತೆ ಆಗುತ್ತದೆ.

ಜೋರು ಎಂಬುದರ ಲೆಕ್ಕವೂ ವಿಚಿತ್ರವೇ. ಇವಳ ಪೆಟ್ಟಿಗೆ ಸುಮಾರು 15 ವ್ಯಾಟಿನದು. ಇದರ ಎರಡರಷ್ಟು ಜೋರು ನಮ್ಮ ಕಿವಿಗೆ ಕೇಳಬೇಕಾದರೆ 30 ವ್ಯಾಟು ಸಾಲದು, ಹತ್ತಿರ ಹತ್ತಿರ 150 ಬೇಕು. ಕಿವಿ ಅಷ್ಟು ಜಿಪುಣ. ಬರೀ ದನಿ ಏರಿಸುತ್ತ ಹೋದರೆ ಖರ್ಚು ಹತ್ತು, ಲಾಭ ಎರಡು.

ಇಷ್ಟೆಲ್ಲ ಪಾಠ ನಡೆಯುತ್ತಿದ್ದಾಗ ಅದೇ ಪಡಸಾಲೆಯ ಮೂಲೆಯ ಮಂಚದ ಮೇಲೆ ನಮ್ಮ ಅತ್ತೆಯವರು ಕೂತಿರುತ್ತಿದ್ದರು. ಎಂಬತ್ತೆರಡು ವರ್ಷ. ಮಾತಿನಲ್ಲಿ ಊರನ್ನೇ ಕಟ್ಟಿಹಾಕುತ್ತಿದ್ದ ಹೆಂಗಸು ನಾಲ್ಕೈದು ವರ್ಷದಿಂದ ಮಾತು ಬಿಟ್ಟಿದ್ದರು. ಕೇಳಿದ್ದಕ್ಕೆ ಉತ್ತರವಿಲ್ಲ, ಕೊಟ್ಟರೂ ಎತ್ತಿನದೊಂದು, ಕೋಣದ್ದೊಂದು. ‘ಊಟ ಮಾಡ್ತೀರೇನ್ರೀ?’ ಎಂದರೆ ‘ಅವರು ಹೋಗಿ ಭಾಳ ಹೊತ್ತಾತು’ ಎನ್ನುವರು. ಮೆಲ್ಲಗೆ ಹೇಳಿದರೆ ‘ಏನಂದಿ?’ ಜೋರಾಗಿ ಹೇಳಿದರೆ ‘ಯಾಕ ಒದರ್ಲಾಕತ್ತೀ? ನಾ ಏನ್ ಕಿವುಡಿ ಆಗೀನೇನು?’ ಈ ಎರಡು ಮಾತುಗಳ ನಡುವೆ ನಿಲ್ಲಲು ಜಾಗವೇ ಇರಲಿಲ್ಲ. ನಮ್ಮ ಮೈದುನ ಎಲ್ಲಿಂದಲೋ ಒಂದು ಕಿವಿಯ ಯಂತ್ರ ತರಿಸಿಕೊಟ್ಟಿದ್ದರು. ಅದು ಕುಂಯ್ ಎಂದು ಸಿಳ್ಳೆ ಹಾಕುತ್ತಿತ್ತು, ಪಾತ್ರೆ ಬಿದ್ದರೆ ಸಿಡಿಲು ಹೊಡೆದಂತಾಗುತ್ತಿತ್ತು. ಅತ್ತೆ ಅದನ್ನು ಎಲೆಯಡಿಕೆ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟರು.

ಕ್ರಮೇಣ ಮನೆಗೆ ಬಂದವರೆಲ್ಲ ಒಂದು ತೀರ್ಮಾನಕ್ಕೆ ಬಂದರು: ಮುದುಕಿಗೆ ಅರಳು ಮರಳು. ತೀರ್ಮಾನ ಅಲ್ಲಿಗೇ ನಿಲ್ಲುವುದಿಲ್ಲವಲ್ಲ. ಕಲಬುರಗಿ ನಗರ ನಮ್ಮೂರಿನ ಕಡೆ ಕೈಕಾಲು ಚಾಚುತ್ತಿದೆ. ನಿನ್ನೆ ತೊಗರಿ ಇದ್ದಲ್ಲಿ ಇಂದು ಪ್ಲಾಟಿನ ಕಲ್ಲು. ಅತ್ತೆಯವರ ಹೆಸರಿನಲ್ಲಿ ನಾಲ್ಕು ಎಕರೆ ಹೊಲವಿದೆ. ಮೈದುನ ಒಬ್ಬ ಖರೀದಿದಾರನನ್ನು ಕರೆದುಕೊಂಡು ಬಂದು ಅದೇ ಮಂಚದ ಪಕ್ಕದಲ್ಲಿ ಕೂತು ದರ ಮಾತಾಡಿದರು. ‘ಅವ್ವನ್ನ ಒಂದ್ ಮಾತು ಕೇಳೋಣು’ ಎಂದರು ನಮ್ಮ ಮನೆಯವರು. ‘ಅಕಿಗೇನ್ ತಿಳೀತದ ಅಣ್ಣಾ, ಹೆಬ್ಬಟ್ಟು ಒತ್ತಿಸಿದ್ರ ಆತು’ ಎಂದರು ಮೈದುನ. ಅತ್ತೆ ಬಂದವನ ಬೂಟುಗಳನ್ನು ನೋಡುತ್ತ ಕೂತಿದ್ದರು.

ಈ ಮಾತನ್ನು ನಾನು ಚಾಚಾನ ಮುಂದೆ ಹೇಳಿದ್ದು ಸಲಹೆಗಾಗಿ ಅಲ್ಲ, ಸಂಕಟಕ್ಕೆ. ಅವರು ಪೆಟ್ಟಿಗೆಯ ಟ್ರೆಬಲ್ ಕಿವಿಯನ್ನು ಅತ್ತಿತ್ತ ತಿರುವುತ್ತ ಹೇಳಿದರು: ‘ಅಂಗಡಿಗೆ ಮಂದಿ ಬಂದು ಚಾಚಾ, ರೇಡಿಯೋ ಆವಾಜ್ ಕಮ್ಮಿ ಆಗ್ಯಾದ ಅಂತಿದ್ರು. ತೆಗೆದು ನೋಡಿದ್ರ ಆವಾಜ್ ಎಲ್ಲಾ ಬರಾಬರ್ ಅದ. ಆವಾಜ್ ಕಮ್ಮಿ ಇರೂದು ಬ್ಯಾರೆ, ಸಾಫ್ ಇಲ್ದೇ ಇರೂದು ಬ್ಯಾರೆ ಅಕ್ಕೋರೇ.’

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗಾದರೆ ನಾನು ಶಾಲೆಯಲ್ಲಿ ಕಲಿಸುವುದೇ ಸ್ವರ, ವ್ಯಂಜನ. ಸ್ವರಗಳಿಗೆ ಬಲ ಹೆಚ್ಚು. ಅ, ಆ, ಓ ಎಂದು ಎಷ್ಟು ಬೇಕಾದರೂ ಎಳೆಯಬಹುದು, ಅವುಗಳ ಶಕ್ತಿ ಬಹುಪಾಲು ತಗ್ಗು ಮತ್ತು ನಡುವಿನ ದನಿಯಲ್ಲಿರುತ್ತದೆ. ಸ, ಶ, ತ, ಚ ಮುಂತಾದ ವ್ಯಂಜನಗಳು ಕ್ಷಣದಲ್ಲಿ ಚಿಮ್ಮಿ ಆರಿಹೋಗುವಂಥವು, ತೆಳ್ಳಗಿನವು. ಅವುಗಳ ಜಾಗ ಮೇಲಿನ ಚೂಪು ದನಿಯಲ್ಲಿ. ‘ಸ್’ ಎಂಬ ಸದ್ದಿನ ಬಹುಪಾಲು ಸೆಕೆಂಡಿಗೆ ನಾಲ್ಕು ಸಾವಿರ ಕಂಪನಗಳ ಮೇಲೆಯೇ ಇರುತ್ತದೆ. ಮಾತಿಗೆ ಜೋರು ಕೊಡುವುದು ಸ್ವರ, ಅರ್ಥ ಕೊಡುವುದು ಬಹುಮಟ್ಟಿಗೆ ವ್ಯಂಜನ. ಕೂಗಿದಾಗ ಬೆಳೆಯುವುದು ಯಾವುದು? ಸ್ವರ. ‘ಆ’ ಎಂಬುದನ್ನು ಕೂಗಬಹುದು, ‘ಸ್’ ಎಂಬುದನ್ನು ಕೂಗಿ ನೋಡಿ!

ಮರುದಿನ ಸಂಜೆ ಮಗಳು ಪೆಟ್ಟಿಗೆಗೆ ಗಿಟಾರಿನ ಬದಲು ಮೈಕು ಜೋಡಿಸಿದಳು. ಅದನ್ನು ಸ್ಪೀಕರಿಗೆ ಬೆನ್ನುಮಾಡಿ ಹಿಡಿಯಬೇಕು. ಇಲ್ಲದಿದ್ದರೆ ಸ್ಪೀಕರಿನ ದನಿ ಮೈಕನ್ನು ಹೊಕ್ಕು, ಬೆಳೆದು, ಮತ್ತೆ ಹೊಕ್ಕು ಕಿರುಚುತ್ತದೆ. ಆಗಸ್ಟ್ 15ರ ದಿನ ಶಾಲೆಯ ಅಂಗಳದಲ್ಲಿ ಈ ಕಿರುಚನ್ನು ಕೇಳದವರು ಯಾರಿದ್ದಾರೆ? ಮೊದಲು ಕಿವಿಗಳೆಲ್ಲ ಅವಳ ಗಿಟಾರಿಗೆ ಇದ್ದಂತೆಯೇ ಇದ್ದವು, ಗೇನ್ ಮೇಲೆ, ಬಾಸ್ ಮೇಲೆ. ನಾನು ಅಂದಿನ ಪತ್ರಿಕೆ ಹಿಡಿದು ಓದತೊಡಗಿದೆ. ದನಿ ಮನೆಯ ತೊಲೆಗಳಿಗೆ ಬಡಿಯಿತು. ಅತ್ತೆ ಮುಖ ಕಿವುಚಿ ಸೆರಗನ್ನು ಕಿವಿಗೆ ಎಳೆದುಕೊಂಡರು.

ಮಗಳು ಗೇನ್ ಇಳಿಸಿದಳು. ಗರಗರ ಹೋಯಿತು. ಬಾಸನ್ನು ಹತ್ತಿರ ಹತ್ತಿರ ಸೊನ್ನೆಗೆ ತಂದಳು. ಟ್ರೆಬಲ್ ಮತ್ತು ಪ್ರೆಸೆನ್ಸ್ ಮುಕ್ಕಾಲಿಗೆ ಏರಿಸಿದಳು. ಕೊನೆಗೆ ಮಾಸ್ಟರನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಳು. ನನ್ನ ದನಿ ನನಗೇ ಅಪರಿಚಿತವಾಗಿ, ಒಣಕಲಾಗಿ, ತೆಳ್ಳಗೆ ಕೇಳಿತು. ಜಾತ್ರೆಯಲ್ಲಿ ‘ಮಗು ಕಳೆದಿದೆ’ ಎಂದು ಸಾರುವ ಕಹಳೆಯಂಥ ಸ್ಪೀಕರಿನ ದನಿಯ ಹಾಗೆ. ಶರಣಬಸವೇಶ್ವರ ಜಾತ್ರೆಯಲ್ಲಿ ಅಷ್ಟು ಗದ್ದಲದ ನಡುವೆಯೂ ಆ ಮಾತು ತಿಳಿಯುವುದು ಇದಕ್ಕೇ ಇರಬೇಕು. ಕಹಳೆಯಲ್ಲಿ ತಗ್ಗಿನ ದನಿ ಹಾಯುವುದಿಲ್ಲ, ಮಾತಿನ ಅಂಚುಗಳಷ್ಟೇ ಹಾಯುತ್ತವೆ. ನಾನು ಪುಟ ತಿರುವಿ ಮಾರುಕಟ್ಟೆಯ ಧಾರಣೆ ಓದುತ್ತಿದ್ದೆ.

‘ತೊಗರಿ ಎಷ್ಟಂದಿ?’

ಓದು ನಿಂತಿತು. ಮಗಳು ನನ್ನನ್ನು ನೋಡಿದಳು. ಅತ್ತೆ ಸೆರಗು ಇಳಿಸಿ ಮಂಚದ ಅಂಚಿಗೆ ಸರಿದಿದ್ದರು. ನಾನು ಮತ್ತೊಮ್ಮೆ ಓದಿದೆ.

‘ಅಷ್ಟೇ ಏನು? ಕಮ್ಮಿ ಆತು’ ಎಂದರು. ಆಮೇಲೆ ಅಂದರು, ‘ಇವತ್ತ ನೀ ಒದರ್ಲಾಕತ್ತಿಲ್ಲ ನೋಡು. ಚೊಲೋ ತಿಳೀಲಾಕತ್ತದ.’

ನಾನು ಧಾರಣೆಯ ಪಟ್ಟಿ ಪೂರ್ತಿ ಓದಿದೆ. ಜೋಳ, ಕಡಲೆ, ಹೆಸರು, ಉದ್ದು. ಅವರು ಒಂದೊಂದಕ್ಕೂ ಒಂದೊಂದು ಟೀಕೆ ಮಾಡಿದರು. ಪಟ್ಟಿ ಮುಗಿಯುವ ಹೊತ್ತಿಗೆ ಮಗಳು ಗಿಟಾರ್ ಕೆಳಗಿಟ್ಟು ಅವರ ಕಾಲ ಬಳಿ ಕೂತಿದ್ದಳು.

ಗಿಟಾರಿನ ಪೆಟ್ಟಿಗೆ ಮಾತು ಕೇಳಿಸಲು ಮಾಡಿದ್ದಲ್ಲ. ಅದನ್ನು ಮುದುಕಿಯ ಕಿವಿಗೆ ಕಟ್ಟಿಕೊಂಡು ತಿರುಗಲೂ ಆಗದು. ವಾರದೊಳಗೆ ಕಲಬುರಗಿಯಲ್ಲಿ ಶ್ರವಣ ಪರೀಕ್ಷೆ ಮಾಡುವವರಲ್ಲಿಗೆ ಕರೆದುಕೊಂಡು ಹೋದೆವು. ಸದ್ದು ಬಾರದ ಕೋಣೆಯಲ್ಲಿ ಕೂರಿಸಿ 250 ಕಂಪನಗಳ ತಗ್ಗು ದನಿಯಿಂದ 8000ದ ಚೂಪು ದನಿಯವರೆಗೆ ಒಂದೊಂದಾಗಿ ಕೇಳಿಸಿ, ಒಂದು ನಕ್ಷೆ ಬರೆದು ತೋರಿಸಿದರು. ಗೆರೆ ಎಡಗಡೆ ಚೆನ್ನಾಗಿಯೇ ಇದ್ದು, ಬಲಕ್ಕೆ ಹೋಗುತ್ತ ಬಾವಿಯ ಮೆಟ್ಟಿಲಿನಂತೆ ಇಳಿದಿತ್ತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ದನಿಯನ್ನು. ಅವರು ಮಾತು ಕೇಳುತ್ತಾರೆ, ಮಾತಿನ ಅಕ್ಷರ ಕೇಳುವುದಿಲ್ಲ. ಇನ್ನೊಂದು ತೊಡಕೂ ಇದೆ ಎಂದರು: ಇಂಥ ಕಿವಿಗೆ ಮೆಲ್ಲನೆಯದು ಕೇಳುವುದಿಲ್ಲ, ಆದರೆ ಜೋರಾದದ್ದು ನಮಗಿಂತ ಬೇಗ ಅಸಹನೀಯವಾಗುತ್ತದೆ. ‘ಏನಂದಿ’ಗೂ ‘ಯಾಕ ಒದರ್ತೀ’ಗೂ ನಡುವೆ ಜಾಗವಿಲ್ಲದ್ದರ ಗುಟ್ಟು ಅದು. ಅತ್ತೆಯವರದು ಹಟವಲ್ಲ, ಅರಳು ಮರಳೂ ಅಲ್ಲ.

ಎಲ್ಲ ದನಿಯನ್ನೂ ಒಂದೇ ಸಮ ಏರಿಸಿದ ಹಳೆಯ ಯಂತ್ರ ಡಬ್ಬಿ ಸೇರಿದ್ದೂ ಇದಕ್ಕೇ. ಹೊಸ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ, ಯಾವ ದನಿ ಎಷ್ಟು ಏರಬೇಕು, ಎಲ್ಲಿ ತಡೆಯಬೇಕು ಎಂದು ಒಂದೊಂದನ್ನೂ ಬೇರೆ ಬೇರೆ ಹೊಂದಿಸಿದರು. ಅವರ ಬಾಯಲ್ಲಿಯೂ ಅದೇ ಪದ ಬಂತು, ಗೇನ್. ನಾನೂ ಮಗಳೂ ಮುಖ ಮುಖ ನೋಡಿಕೊಂಡೆವು. ನಮ್ಮ ಆರು ಕಿವಿಗಳ ಪೆಟ್ಟಿಗೆ ಕುಗ್ಗಿ ಕಡಲೆಬೀಜದಷ್ಟಾಗಿ ಅತ್ತೆಯವರ ಕಿವಿಯ ಹಿಂದೆ ಕೂತಿತ್ತು.

ಮರುದಿನವೇ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ವರ್ಷಗಟ್ಟಲೆ ಕೇಳದ ಸದ್ದುಗಳು ಒಮ್ಮೆಲೇ ಮನೆಗೆ ನುಗ್ಗಿದವು. ಪೇಪರು ಮಡಚುವ ಸದ್ದಿಗೆ ಬೆಚ್ಚಿದರು, ಬಳೆಯ ಸದ್ದಿಗೆ ಬೈದರು. ದಿನಕ್ಕೆ ಒಂದು ತಾಸು, ಎರಡು ತಾಸು ಎಂದು ಹೆಚ್ಚಿಸುತ್ತ ಹೋದೆವು. ಎರಡು ಸಲ ಹೋಗಿ ಮತ್ತೆ ಹೊಂದಿಸಿಕೊಂಡು ಬಂದೆವು. ಗದ್ದಲದಲ್ಲಿ, ಮದುವೆಮನೆಯಲ್ಲಿ ಇಂದಿಗೂ ಕಷ್ಟವೇ.

ಆದರೆ ಖರೀದಿದಾರ ಎರಡನೆಯ ಸಲ ಬಂದಾಗ ಪಡಸಾಲೆ ಗದ್ದಲದ್ದಾಗಿರಲಿಲ್ಲ. ಮೈದುನ ಕಾಗದ ಬಿಚ್ಚಿ ದರ ಹೇಳಿದರು. ಮಂಚದ ಮೇಲಿನಿಂದ ದನಿ ಬಂತು: ‘ಯಾರ ಹೊಲದ ಮಾತು ನಡೆಸೀರಿ?’

ಯಾರೂ ಮಾತಾಡಲಿಲ್ಲ.

‘ಅದು ನಮ್ಮಪ್ಪ ಕೊಟ್ಟ ಹೊಲ. ನಾ ಇರೂತನಕ ತೊಗರಿ ಬಿತ್ತೂದೇ. ನಾ ಹೋದ ಮ್ಯಾಲ ನೀವು ಕೂತು ಮಾತಾಡ್ಕೋರಿ. ಈಗ ಚಾ ಕುಡದು ಹೋಗ್ರಿ.’

ಮೈದುನ ಬಹಳ ಹೊತ್ತು ಕಾಗದ ಮಡಚುತ್ತ ಕೂತಿದ್ದರು. ಹೋಗುವಾಗ ತಾಯಿಯ ಎದುರಿಗೆ ಬಗ್ಗಿ, ಕೂಗದೆ, ‘ಬರ್ತೀನವ್ವಾ’ ಎಂದರು. ‘ಹಬ್ಬಕ್ಕ ಹುಡುಗ್ರನ್ನ ಕರ್ಕೊಂಡು ಬಾ’ ಎಂದರು ಅತ್ತೆ. ಹೊಲ ಮಾರುವುದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಕೇಳಬೇಕಾದವರನ್ನು ಕೇಳಿದಂತಾಯಿತು, ಅಷ್ಟು ಸಾಕು.

ಮಧ್ಯವಯಸ್ಸಿನಲ್ಲಿಯೇ ಬರುವ ಕಿವುಡುತನಕ್ಕೆ ಚಿಕಿತ್ಸೆಯಿಲ್ಲದೆ ಬಿಟ್ಟರೆ ಮುಂದೆ ಮರೆವಿನ ರೋಗದ ಸಂಭವ ಹೆಚ್ಚುತ್ತದೆ ಎಂದು ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2017ರಿಂದಲೂ ಹೇಳುತ್ತ ಬಂದಿದೆ. ನಮ್ಮ ರಾಜ್ಯದವರಿಗೆ ಒಂದು ಅನುಕೂಲವೂ ಉಂಟು; 1960ರ ದಶಕದಲ್ಲಿ ಮೈಸೂರಿನಲ್ಲಿ ಹುಟ್ಟಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿದ್ಯೆಯಲ್ಲಿ ದೇಶಕ್ಕೇ ದೊಡ್ಡದು. ಕನ್ನಡಕ ಹಾಕಿಕೊಳ್ಳಲು ನಾಚದ ನಾವು ಕಿವಿಯ ಪರೀಕ್ಷೆಗೆ ಮಾತ್ರ ಕೊನೆಯವರೆಗೆ ಕಾಯುತ್ತೇವೆ.

ಯಂತ್ರ ಕೊಳ್ಳುವ ಮುಂಚೆಯೂ ನಾವು ಮಾಡಬಹುದಾದದ್ದಿದೆ. ಮಿಕ್ಸರು, ಟಿ.ವಿ. ನಿಲ್ಲಿಸಿ, ಅದು ಬಾಸ್ ಇಳಿಸಿದಂತೆ. ಬೆನ್ನ ಹಿಂದಿನಿಂದ ಅಲ್ಲ, ಬೆಳಕಿನಲ್ಲಿ ಎದುರಿಗೆ ಬಂದು, ತುಟಿ ಕಾಣುವಂತೆ ಮಾತಾಡಿ, ಅದು ಪ್ರೆಸೆನ್ಸ್. ಅಕ್ಷರಗಳನ್ನು ಬಿಡಿಸಿ, ಸಾವಕಾಶವಾಗಿ ಆಡಿ, ಅದು ಟ್ರೆಬಲ್. ಗಂಟಲು ಹರಿದುಕೊಳ್ಳುವ ಗೇನ್ ಬೇಡ. ಮಾಸ್ಟರನ್ನು ಎಲ್ಲಕ್ಕೂ ಕೊನೆಯಲ್ಲಿ ಮುಟ್ಟಿದರೆ ಸಾಕು.

ಮಗಳು ಪೆಟ್ಟಿಗೆಯೊಂದಿಗೆ ಬೆಂಗಳೂರಿಗೆ ಮರಳಿದ್ದಾಳೆ. ತನ್ನ ಒಂದೊಂದು ಹಾಡಿಗೂ ಆರು ಕಿವಿಗಳು ಎಲ್ಲೆಲ್ಲಿ ನಿಲ್ಲಬೇಕೆಂದು ಕಿವಿಗಳ ಸುತ್ತ ಕಾಗದದ ಪಟ್ಟಿ ಅಂಟಿಸಿ ಸೀಸದಕಡ್ಡಿಯಿಂದ ಗುರುತು ಹಾಕಿಕೊಂಡಿದ್ದಳು. ಕಟ್ಟಿ ಕಳಿಸುವಾಗ ನೋಡಿದೆ. ಇಂಗ್ಲಿಷಿನ ಆ ಗುರುತುಗಳ ನಡುವೆ ಒಂದು ಮಾತ್ರ ಕನ್ನಡದಲ್ಲಿತ್ತು: ‘ಆಯಿ’.